ಕ್ರಾಸಿನಲ್ಲಿ ಇಳಿದ ಮೇಲೆ

ಶ್ರೀರಂಗಪಟ್ಟಣದ ದ್ವೀಪದಲ್ಲಿ ಬೆಟ್ಟವಿಲ್ಲ. ಬೆಟ್ಟಗಳೆಲ್ಲ ಹೊಳೆಯಾಚೆ ಇವೆ. ಈಶಾನ್ಯಕ್ಕೆ ಕರಿಘಟ್ಟ, ಉತ್ತರಕ್ಕೆ ಪಾಂಡವಪುರದ ಕುಂತಿಬೆಟ್ಟ, ಅದಕ್ಕೂ ಉತ್ತರಕ್ಕೆ ಮೇಲುಕೋಟೆಯ ಸಾಲು, ಆಮೇಲೆ ಕೆ.ಆರ್. ಪೇಟೆ ಸೀಮೆಯ ನಾರಾಯಣದುರ್ಗ. ದ್ವೀಪವನ್ನು ಕಾವೇರಿ ಕಾಯುತ್ತಿದ್ದಳು, ನಿಜ. ಆದರೆ ದ್ವೀಪಕ್ಕೆ ಯಾರು ಬರುತ್ತಿದ್ದಾರೆ ಎಂಬುದು ಮೊದಲು ಗೊತ್ತಾಗುತ್ತಿದ್ದದ್ದು ಈ ಬೆಟ್ಟಗಳ ಮೇಲಿನಿಂದ. ಹಾಗಾಗಿ ಪಟ್ಟಣದ ಚರಿತ್ರೆಯನ್ನು ಕೋಟೆಯೊಳಗೆ ನಿಂತು ಓದಿದರೆ ಅರ್ಧವೇ ಸಿಗುತ್ತದೆ. ಉಳಿದರ್ಧಕ್ಕೆ ಬೆಟ್ಟ ಹತ್ತಬೇಕು. ನಾನು ಹತ್ತಿದ್ದೇನೆ, ಸ್ವಂತ ವಾಹನವಿಲ್ಲದೆ, ಬಸ್ಸಿನಲ್ಲಿ, ಪ್ಯಾಸೆಂಜರ್ ರೈಲಿನಲ್ಲಿ ಹೋಗಿ. ಈ ಸೀಮೆಯ ಶಾಲೆಗಳಲ್ಲಿ ಸಮಾಜ ವಿಜ್ಞಾನ ಕಲಿಸಿದವಳು ನಾನು. ಪಾಠದ ಪುಸ್ತಕದಲ್ಲಿ ನನಗೆ ಬಿಡಿಬಿಡಿಯಾಗಿ ಕಂಡ ಸಂಗತಿಗಳು ಒಂದಕ್ಕೊಂದು ಕೂಡಿಕೊಂಡದ್ದು ಕ್ರಾಸಿನಲ್ಲಿ ಇಳಿದು ನಡೆಯಲು ಶುರುಮಾಡಿದ ಮೇಲೆ.

ನಮ್ಮ ಚಿನಕುರಳಿಯಿಂದಲೇ ಆರಂಭಿಸುತ್ತೇನೆ. ಪಾಂಡವಪುರದಿಂದ ಕೆ.ಆರ್. ಪೇಟೆ ಕಡೆಗೆ ಹೋಗುವ ರಸ್ತೆಯಲ್ಲಿ ಇರುವ ಈ ಊರಿನ ಹೆಸರು ಇಂಗ್ಲಿಷರ ಚರಿತ್ರೆಯ ಪುಸ್ತಕಗಳಲ್ಲೆಲ್ಲ ಇದೆ. 1771ರ ಮಾರ್ಚ್ ತಿಂಗಳಲ್ಲಿ ಹೈದರಾಲಿಯ ದಂಡು ಇಲ್ಲಿ ಮರಾಠರ ಕೈಯಲ್ಲಿ ಸೋತು ಚೆದುರಿಹೋಯಿತು. ಮರಾಠರ ಸೇನಾಪತಿ ತ್ರ್ಯಂಬಕರಾವ್. ಹೈದರ್ ಆಗ ಮೇಲುಕೋಟೆಯ ಬೆಟ್ಟಗಳ ನಡುವೆ ಬೀಡುಬಿಟ್ಟಿದ್ದ. ಮರಾಠರು ಸುತ್ತುವರಿದರು, ದಿನಗಳು ಕಳೆದವು, ಮೇವು ಮುಗಿಯುತ್ತ ಬಂತು. ಕತ್ತಲಲ್ಲಿ ಸದ್ದಿಲ್ಲದೆ ಹೊರಟು ಬೆಳಗಾಗುವಷ್ಟರಲ್ಲಿ ಪಟ್ಟಣ ಸೇರಿಬಿಡೋಣ ಎಂದು ಹೈದರ್ ಲೆಕ್ಕ ಹಾಕಿದ. ಮೇಲುಕೋಟೆಯಿಂದ ಶ್ರೀರಂಗಪಟ್ಟಣಕ್ಕೆ ಸುಮಾರು 22 ಮೈಲಿ.

ಇಪ್ಪತ್ತೆರಡು ಮೈಲಿ ಅಂದರೆ ಎಷ್ಟು ಎಂದು ಕಾರಿನಲ್ಲಿ ಹೋಗುವವರಿಗೆ ಹೇಳುವುದು ಕಷ್ಟ. ಒಂದು ಗಂಟೆಯೊಳಗೆ ಮುಗಿಯುವ ದಾರಿ ಅದು. ಆದರೆ ಮೇಲುಕೋಟೆಯಿಂದ ಕೆಳಗಿಳಿದು ಜಕ್ಕನಹಳ್ಳಿವರೆಗೆ ಒಮ್ಮೆ ನಡೆದುನೋಡಿ. ಮೊದಲು ಇಳಿಜಾರು, ಕಲ್ಲುಕುರುಚಲು, ಆಮೇಲೆ ಏರುತಗ್ಗಿನ ಹೊಲ, ಮತ್ತೆ ಬಂಡೆಗುಡ್ಡ, ನಡುವೆ ಹಳ್ಳ. ಬರಿಗೈಯಲ್ಲಿ ನಡೆಯುವವರಿಗೇ ಮಂಡಿ ನೋಯುತ್ತದೆ. ಹೈದರನ ಜೊತೆ ಫಿರಂಗಿಗಳಿದ್ದವು, ಮದ್ದಿನ ಗಾಡಿಗಳಿದ್ದವು, ಆನೆ, ಒಂಟೆ, ಎತ್ತು, ಹಿಂದೆ ಬೀಳುವ ಕಾಲಾಳುಗಳು. ಅಷ್ಟನ್ನೂ ಕತ್ತಲಲ್ಲಿ ಈ ನೆಲದ ಮೇಲೆ ಸಾಗಿಸಬೇಕಿತ್ತು. ಹೊರಟ ರಾತ್ರಿಯೇ ಫಿರಂಗಿಯ ಸದ್ದು ಮರಾಠರಿಗೆ ಸುಳಿವು ಕೊಟ್ಟಿತು. ಬೆಳಕು ಹರಿದಾಗ ದಂಡು ಹೆಚ್ಚುಕಡಿಮೆ ನಡುದಾರಿಯಲ್ಲಿತ್ತು, ಚಿನಕುರಳಿಯ ಗುಡ್ಡಗಳ ಹತ್ತಿರ. ಮರಾಠ ಕುದುರೆಗಳು ಸುತ್ತಲೂ ಮುಗಿಬಿದ್ದವು. ಸಾಮಾನಿನ ಪ್ರಾಣಿಗಳು ಬೆದರಿ ಸಾಲಿನೊಳಗೇ ನುಗ್ಗಿದವು, ಮದ್ದು ಸಿಡಿಯಿತು, ಅಲ್ಲಿಗೆ ಸೈನ್ಯ ಸೈನ್ಯವಾಗಿ ಉಳಿಯಲಿಲ್ಲ. ಹೈದರ್ ಕುದುರೆಯೇರಿ ಪಟ್ಟಣದ ಕಡೆಗೆ ಓಡಿದ. ಅವನನ್ನು ಹೋಲುತ್ತಿದ್ದ ಯಾಸೀನ್ ಖಾನ್ ಎಂಬ ಸರದಾರನನ್ನು ಹೈದರನೆಂದೇ ತಿಳಿದು ಮರಾಠರು ಹಿಡಿದರು. ಹೈದರನ ಮಗ, ಇಪ್ಪತ್ತರ ಆಸುಪಾಸಿನ ಟಿಪ್ಪು, ಫಕೀರನ ವೇಷದಲ್ಲಿ ತಪ್ಪಿಸಿಕೊಂಡು ಕೋಟೆ ಸೇರಿದ.

ಟಿಪ್ಪು ಆ ದಿನ ಯಾವ ಹಳ್ಳಿಗಳ ಮಗ್ಗುಲಲ್ಲಿ ಹಾದು ಹೋದನೋ, ಯಾರ ಹೊಲದ ಬದುವಿನಲ್ಲಿ ಬಗ್ಗಿ ನಡೆದನೋ, ಅದನ್ನು ಯಾರೂ ಬರೆದಿಟ್ಟಿಲ್ಲ. ಆದರೆ ಪಾಂಡವಪುರದ ಬಸ್ಸು ತಪ್ಪಿ ನಡೆಯುತ್ತ ಹೋದಾಗೆಲ್ಲ ನನಗೆ ಈ ಹುಡುಗನ ನೆನಪು ಬರುತ್ತದೆ. ಸುಲ್ತಾನ ಆಗುವ ಮೊದಲು ಆತ ನಮ್ಮ ದಾರಿಯಲ್ಲಿ ನಡೆದವನು.

ಗೆದ್ದ ಮರಾಠರು ಕೂಡಲೇ ಪಟ್ಟಣಕ್ಕೆ ಹೋಗಿದ್ದರೆ ಕಥೆ ಬೇರೆಯಾಗುತ್ತಿತ್ತು. ಅವರು ಕೊಳ್ಳೆಯಲ್ಲಿ ದಿನ ಕಳೆದರು, ಅಷ್ಟರಲ್ಲಿ ಹೈದರ್ ಕೋಟೆಯನ್ನು ಭದ್ರ ಮಾಡಿಕೊಂಡ. ಮೇಲುಕೋಟೆಯ ಮೇಲೂ ಅವರ ಕಣ್ಣು ಬಿತ್ತು. ಊರವರು ಬಿಟ್ಟೋಡಿದ್ದರು. ರಥಗಳ ಕಬ್ಬಿಣದ ಪಟ್ಟಿಗಾಗಿ ದೊಡ್ಡ ದೊಡ್ಡ ಮರದ ತೇರುಗಳಿಗೆ ಬೆಂಕಿ ಇಟ್ಟರು. ಬೆಂಕಿ ಅಲ್ಲಿಗೆ ನಿಲ್ಲದೆ ಕಟ್ಟಡಗಳಿಗೂ ಹಬ್ಬಿತು. ಮೈಸೂರು ಗೆಜೆಟಿಯರ್ ಈ ಸಂಗತಿಯನ್ನು ಎರಡು ಸಾಲಿನಲ್ಲಿ ಹೇಳಿ ಮುಗಿಸುತ್ತದೆ. ಹಿಡಿ ಕಬ್ಬಿಣಕ್ಕಾಗಿ ತೇರು ಸುಟ್ಟರಲ್ಲ ಎಂಬ ಸಂಕಟ ನನಗೆ ಇವತ್ತಿಗೂ ಹೋಗಿಲ್ಲ.

ಒಂದು ಸಂಗತಿಯನ್ನು ಗಮನಿಸಬೇಕು. ಚಿನಕುರಳಿಯ ಕಾಳಗ ಮಾರ್ಚಿನಲ್ಲಿ. ಇಂಗ್ಲಿಷ್ ಸೇನಾಪತಿ ಕಾರ್ನ್‌ವಾಲಿಸನ ದಂಡು ಪಟ್ಟಣದ ಹೊರವಲಯವನ್ನು ಮುತ್ತಿದ್ದು 1792ರ ಫೆಬ್ರವರಿಯ ಒಂದು ರಾತ್ರಿ. ಆ ರಾತ್ರಿ ಮ್ಯಾಕ್ಸ್‌ವೆಲ್ ಎಂಬ ಅಧಿಕಾರಿಯ ತುಕಡಿ ಕರಿಘಟ್ಟವನ್ನು ಹಿಡಿದುಕೊಂಡಿತು. 1799ರಲ್ಲಿ ಟಿಪ್ಪು ಬಿದ್ದದ್ದು ಮೇ 4ರಂದು, ಇಂಗ್ಲಿಷ್ ಸಿಪಾಯಿಗಳು ಹೊಳೆಯನ್ನು ನಡೆದೇ ದಾಟಿ ಬಂದರು. ಎಲ್ಲವೂ ಮಳೆಗಾಲಕ್ಕೆ ಮುಂಚೆ, ಹೊಳೆ ಇಳಿದಿರುವಾಗ. 1791ರ ಮೇ ತಿಂಗಳಲ್ಲಿ ಇದೇ ಕಾರ್ನ್‌ವಾಲಿಸ್ ಪಟ್ಟಣದ ಹತ್ತಿರಕ್ಕೆ ಬಂದಿದ್ದ. ಮಳೆ ಹಿಡಿಯಿತು, ಎತ್ತುಗಳು ಸತ್ತವು, ದೊಡ್ಡ ಫಿರಂಗಿಗಳನ್ನು ತಾನೇ ಹಾಳುಗೆಡವಿ ಹಿಂದಿರುಗಿದ. ಇನ್ನು ಮೇಲುಕೋಟೆಯ ವೈರಮುಡಿ ಉತ್ಸವವಾಗುವುದು ಫಾಲ್ಗುಣದಲ್ಲಿ. ಒಕ್ಕಣೆ ಮುಗಿದು, ಹಳ್ಳ ಬತ್ತಿ, ದಾರಿ ಗಟ್ಟಿಯಾಗಿರುವ ಕಾಲ ಅದು. ದಂಡು ಹೋಗುವ ಕಾಲ, ಜಾತ್ರೆಗೆ ಹೋಗುವ ಕಾಲ ಎರಡೂ ಒಂದೇ ಆಗಿತ್ತು. ನಡೆಯುವವರ ಪಂಚಾಂಗವನ್ನು ಹೊಳೆ ಮತ್ತು ನೆಲ ಬರೆಯುತ್ತಿದ್ದವು.

ನನ್ನಜ್ಜಿ ವೈರಮುಡಿಗೆ ನಡೆದೇ ಹೋಗುತ್ತಿದ್ದಳು. ಮಕ್ಕಳಿಗೆ, ಬುತ್ತಿಗೆ ಒಂದು ಎತ್ತಿನ ಗಾಡಿ, ಉಳಿದವರು ಗಾಡಿಯ ಹಿಂದೆ. "ಬೆಳ್ಳಿ ಮೂಡೊ ಹೊತ್ಗೆ ಹೊಂಟ್ರೆ ಬಿಸ್ಲೇರೊ ಹೊತ್ಗೆ ಬೆಟ್ಟದ ಬುಡ ಕಣವ್ವ" ಎನ್ನುತ್ತಿದ್ದಳು. ಬುತ್ತಿಯಲ್ಲಿ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ. ಬೆಟ್ಟದ ಮೇಲೆ ಪುಳಿಯೋಗರೆ ಸಿಗುವುದು ಗೊತ್ತಿದ್ದರೂ ದುಡ್ಡು ಕೊಟ್ಟು ಅನ್ನ ತಿನ್ನುವುದು ಅವಳಿಗೆ ಒಗ್ಗದ ಮಾತು. ಈಗ ವೈರಮುಡಿ ಕಿರೀಟ ಮಂಡ್ಯದ ಜಿಲ್ಲಾ ಖಜಾನೆಯಿಂದ ಪೊಲೀಸ್ ಕಾವಲಿನಲ್ಲಿ ವಾಹನದ ಮೇಲೆ ಬರುತ್ತದೆ. ದಾರಿಯುದ್ದಕ್ಕೂ ಹಳ್ಳಿಗಳವರು ನಿಲ್ಲಿಸಿ ಪೂಜೆ ಮಾಡುತ್ತಾರೆ. ಆ ನಿಲ್ಲುವಿಕೆಯಲ್ಲಿ ಹಳೆಯ ನಡಿಗೆಯ ಒಂದು ತುಣುಕು ಉಳಿದಿದೆ ಎಂದೇ ನನ್ನ ನಂಬಿಕೆ. ವಾಹನ ಎಷ್ಟೇ ವೇಗದ್ದಾಗಲಿ, ಊರು ಕೈ ಅಡ್ಡ ಹಿಡಿದರೆ ನಿಲ್ಲಲೇಬೇಕು.

ಈ ದಾರಿ ಹೈದರನಿಗಿಂತ ಬಹಳ ಹಳೆಯದು. ಹನ್ನೆರಡನೆಯ ಶತಮಾನದ ಆರಂಭದಲ್ಲಿ ಚೋಳರ ನಾಡು ಬಿಟ್ಟು ಬಂದ ರಾಮಾನುಜಾಚಾರ್ಯರು ನಿಂತದ್ದು ತೊಣ್ಣೂರಿನಲ್ಲಿ, ಆಮೇಲೆ ಮೇಲುಕೋಟೆಯಲ್ಲಿ. ತೊಣ್ಣೂರಿನ ಕೆರೆ ಇವತ್ತಿಗೂ ಎರಡು ಬೆಟ್ಟಗಳ ನಡುವೆ ತಿಳಿನೀರು ಹಿಡಿದು ಕೂತಿದೆ, ಮೋತಿ ತಲಾಬ್ ಎಂಬ ಹೆಸರೂ ಅದಕ್ಕೆ ಅಂಟಿತು. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯನ್ನು ಸುತ್ತುತ್ತ ತೊಣ್ಣೂರು, ಮೇಲುಕೋಟೆಗಳನ್ನು ನೋಡಿದ. ಸುಲ್ತಾನ ಸತ್ತು ಒಂದೇ ವರ್ಷ. ಬೆಳೆ, ಮಣ್ಣು, ಗೊಬ್ಬರ, ನೇಯ್ಗೆ, ಜಾತಿ, ಎಲ್ಲವನ್ನೂ ಅವನು ಕೇಳಿ ಕೇಳಿ ಬರೆದುಕೊಂಡ. ನಿಧಾನಕ್ಕೆ ಹೋದವನಿಗೆ ಮಾತ್ರ ಹಾಗೆ ಬರೆಯಲು ಆಗುತ್ತದೆ.

ಹೊಳೆ ದಾಟುವುದು ಸಲೀಸಾದದ್ದು 1804ರಲ್ಲಿ. ದಿವಾನ್ ಪೂರ್ಣಯ್ಯನವರ ಉಸ್ತುವಾರಿಯಲ್ಲಿ ಕಟ್ಟಿದ ಕಲ್ಲಿನ ಸೇತುವೆಗೆ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರಿಟ್ಟರು. ಅದನ್ನು ಕೆಳಗಿನಿಂದ ನೋಡಬೇಕು. ಕಮಾನು ಇಲ್ಲ. ಹೊಳೆಯ ಬಂಡೆಯ ಮೇಲೆ ಒರಟು ಕಲ್ಲುಕಂಬಗಳನ್ನು ಸಾಲುಸಾಲಾಗಿ ನಿಲ್ಲಿಸಿ, ಮೇಲೆ ಅಡ್ಡತೊಲೆ ಹೊರಿಸಿ, ಅದರ ಮೇಲೆ ಚಪ್ಪಡಿ ಹಾಸಿದ್ದಾರೆ. ನಮ್ಮ ದೇವಸ್ಥಾನಗಳ ಮಂಟಪ ಕಟ್ಟಿದ ಕೈಗಳೇ ಹೊಳೆಗೆ ಇಳಿದಂತೆ ಕಾಣುತ್ತದೆ. ಅದಕ್ಕೂ ಮುಂಚೆ ತುಂಬಿದ ಹೊಳೆಯಲ್ಲಿ ಹರಿಗೋಲು, ಬೇಸಿಗೆಯಲ್ಲಿ ಮೊಣಕಾಲುದ್ದ ನೀರು.

ರೈಲು 1882ರಲ್ಲಿ ಮೈಸೂರು ಮುಟ್ಟಿತು. ಹಳಿ ಕೋಟೆಯೊಳಗೇ ಹಾದುಹೋಯಿತು, ನಿಲ್ದಾಣ ದ್ವೀಪದ ಮೇಲೆಯೇ ಬಂತು. ಆಚೆಯ ನಿಲ್ದಾಣಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರು. ಹೈದರ್ ಮತ್ತು ಟಿಪ್ಪುವಿನ ಫ್ರೆಂಚ್ ಸಿಪಾಯಿಗಳು ಕುಂತಿಬೆಟ್ಟದ ಬಳಿ ಬೀಡುಬಿಟ್ಟಿದ್ದರಿಂದ ಬಂದ ಹೆಸರು ಅದು. ಊರವರ ಬಾಯಲ್ಲಿ ಆ ಊರು ಹಿರೋಡೆ. ಆಮೇಲೆ ಪಾಂಡವಪುರ ಆಯಿತು, ಪಾಂಡವರು ತಾಯಿಯೊಡನೆ ಬೆಟ್ಟದಲ್ಲಿ ತಂಗಿದ್ದರೆಂಬ ಕಥೆಯಿಂದ. ಇಂದು ರೈಲಿಳಿದು, ಪಾಂಡವಪುರದ ಪೇಟೆಗೆ ಆಟೊ ಹಿಡಿದು, ಅಲ್ಲಿಂದ ಕುಂತಿಬೆಟ್ಟಕ್ಕೆ ನಡೆದರೆ ಹೋಗುವುದು ಬರುವುದು ಒಂದು ಬೆಳಗಿನ ಕೆಲಸ. ಬೆಟ್ಟದ ನೆತ್ತಿಯಿಂದ ಕಬ್ಬಿನ ಗದ್ದೆ, ಕೆರೆ, ದೂರದಲ್ಲಿ ಕರಿಘಟ್ಟ ಕಾಣುತ್ತವೆ. 1792ರಲ್ಲಿ ಕಾರ್ನ್‌ವಾಲಿಸ್ ತನ್ನ ಬೀಡನ್ನು ಇದೇ ಸೀಮೆಯಲ್ಲಿ ಯಾಕೆ ಹಾಕಿದ ಎಂದು ವಿವರಿಸಲು ನಾನು ತರಗತಿಯಲ್ಲಿ ಬೋರ್ಡಿನ ಮೇಲೆ ಎಷ್ಟೋ ಗೆರೆ ಎಳೆದಿದ್ದೇನೆ. ಮಕ್ಕಳನ್ನು ಇಲ್ಲಿ ತಂದು ನಿಲ್ಲಿಸಿದಾಗ ಒಂದು ಗೆರೆಯೂ ಬೇಕಾಗಲಿಲ್ಲ. "ಟೀಚರ್, ಇಲ್ಲಿಂದ ಎಲ್ಲಾ ಕಾಣ್ತದೆ" ಎಂದ ಒಬ್ಬ ಹುಡುಗ. ಅದೇ ಉತ್ತರ.

ಶ್ರೀರಂಗಪಟ್ಟಣದ ನಿಲ್ದಾಣದ ಬಳಿ ಟಿಪ್ಪುವಿನ ಕಾಲದ ಒಂದು ಮದ್ದಿನಮನೆಯೂ ಇದೆ. ಜೋಡಿ ಹಳಿಗೆ ಅದು ಅಡ್ಡವಾಯಿತು. ಒಡೆಯುವ ಬದಲು 2017ರಲ್ಲಿ ಬುಡದಿಂದ ಬಿಡಿಸಿ, ಜಾಕ್ ಕೊಟ್ಟು ಎತ್ತಿ, ಇಡೀ ಕಟ್ಟಡವನ್ನು ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಇಟ್ಟರು. ಇಟ್ಟಿಗೆ ಗಾರೆಯ, ಸಾವಿರ ಟನ್ನಿನ ಹತ್ತಿರದ ಕಟ್ಟಡ. ರೈಲಿಗೆ ಕಾಯುವ ಹೊತ್ತಿನಲ್ಲಿ ಅದನ್ನು ಹೋಗಿ ನೋಡಬಹುದು. ಬಹಳ ಜನ ನೋಡುವುದಿಲ್ಲ ಎಂಬುದು ನನಗೆ ಬೇಸರ.

ಬಸ್ಸಿನ ಕಥೆ ತಡವಾಗಿ ಶುರುವಾಯಿತು. ಮೊದಲು ಖಾಸಗಿಯವರದು. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲ್ ಸಿಗದೆ ಇದ್ದಲು ಗ್ಯಾಸಿನಲ್ಲಿ ಬಸ್ಸು ಓಡಿಸಿದರು. ಏರು ಬಂದರೆ ಜನ ಇಳಿದು ತಳ್ಳಬೇಕಿತ್ತೆಂದು ಹಿರಿಯರು ಹೇಳುತ್ತಿದ್ದರು. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಶುರುವಾಯಿತು, 1961ರ ಆಗಸ್ಟ್‌ನಲ್ಲಿ ಅದು ನಿಗಮವಾಯಿತು. ಹಳ್ಳಿಯ ಬದುಕನ್ನು ಬದಲಿಸಿದ್ದು ದೊಡ್ಡ ಊರಿನ ನಿಲ್ದಾಣಗಳಿಗಿಂತ ಹೆಚ್ಚಾಗಿ ಈ ಕ್ರಾಸುಗಳು. ಒಂದು ಆಲದ ಮರ, ಒಂದು ಟೀ ಅಂಗಡಿ, ಸುಣ್ಣ ಬಳಿದ ಮೈಲಿಗಲ್ಲು. ಇಲ್ಲಿ ಇಳಿದರೆ ಉಳಿದದ್ದು ಕಾಲಿಗೆ ಸೇರಿದ್ದು. ನಾಗಮಂಗಲದ ಬಸ್ಸಿನಲ್ಲಿ ಬಂದು ಜಕ್ಕನಹಳ್ಳಿಯಲ್ಲಿ ಇಳಿದಾಗ ಕಂಡಕ್ಟರು ಕೇಳುತ್ತಾರೆ, "ಮೇಲುಕೋಟೆ ಬಸ್ಸು ಹಿಂದೇನೆ ಬತ್ತದೆ ಮೇಡಂ, ಯಾಕೆ ನಡ್ಕೊಂಡ್ ಹೋಯ್ತೀರಿ?" ನಡೆದರೆ ಬೆಟ್ಟ ಹತ್ತಿರವಾಗುವುದನ್ನು ನೋಡಬಹುದು, ಅದಕ್ಕೆ. ಮೊದಲು ಯೋಗನರಸಿಂಹನ ಗುಡಿ ಬೆಟ್ಟದ ತುದಿಯಲ್ಲಿ ಒಂದು ಚುಕ್ಕಿ, ಆಮೇಲೆ ಗೋಪುರ, ಆಮೇಲೆ ಗೋಪುರದ ಮೇಲಿನ ಕಳಶ. ಎಡಬಲದ ಕುರುಚಲು ಕಾಡು ತೋಳಗಳಿಗಾಗಿ 1974ರಲ್ಲಿ ಘೋಷಿಸಿದ ವನ್ಯಧಾಮದ ಭಾಗ. ಕವಿ ಪು.ತಿ.ನ. ಹುಟ್ಟಿ ಬೆಳೆದ ಬೆಟ್ಟ ಇದು. ಅವರ ಮನೆಯನ್ನು ಈಗ ಸ್ಮಾರಕವಾಗಿ ಉಳಿಸಿದ್ದಾರೆ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಈ ಚರಿತ್ರೆಗೆ ಹೊಸ ಅಧ್ಯಾಯ ಸೇರಿತು. ಆಧಾರ್ ತೋರಿಸಿ ಶೂನ್ಯ ಟಿಕೆಟ್ ಪಡೆದ ಹೆಂಗಸರು, ಮದುವೆಯಾದ ಮೇಲೆ ತಾಲ್ಲೂಕು ದಾಟದವರು, ಗುಂಪುಕಟ್ಟಿಕೊಂಡು ಬೆಟ್ಟಗಳಿಗೆ ಬರುತ್ತಿದ್ದಾರೆ. ಮಂಡಿ ಹಿಡಿದುಕೊಂಡು, ಕೂತು, ಎದ್ದು ಮೆಟ್ಟಿಲು ಹತ್ತುತ್ತಾರೆ. ಬಸ್ಸು ತುಂಬಿ ನೂಕುನುಗ್ಗಲು ಎಂದು ಗೊಣಗುವವರಿದ್ದಾರೆ. ನಿಲ್ಲಲು ಜಾಗವಿಲ್ಲದೆ ನಾನೂ ಬಾಗಿಲ ಬಳಿ ಜೋತುಬಿದ್ದು ಬಂದಿದ್ದೇನೆ. ಆದರೂ ಗಂಡಸರ ದಂಡುಗಳೇ ತುಳಿದ ಈ ದಾರಿಯಲ್ಲಿ ನನ್ನಜ್ಜಿಯಂಥವರು ಇಷ್ಟೊಂದು ಮಂದಿ, ಯಾರ ಅಪ್ಪಣೆಯನ್ನೂ ಕೇಳದೆ, ಬಂದ ಕಾಲ ಹಿಂದೆ ಇತ್ತೆಂದು ನನಗೆ ಅನ್ನಿಸುವುದಿಲ್ಲ.

ಕಾರಿನಲ್ಲಿ ಬರುವವರು ಬರಲಿ. ಆದರೆ ಅವರಿಗಾಗಿ ಬೆಟ್ಟದ ಬುಡವನ್ನೆಲ್ಲ ಪಾರ್ಕಿಂಗ್ ಮಾಡಿ, ರಸ್ತೆ ಅಗಲಿಸುವಾಗ ಪಕ್ಕದ ಕಾಲುದಾರಿಯನ್ನೂ ಸಾಲುಮರವನ್ನೂ ನುಂಗಬಾರದು. ಜಕ್ಕನಹಳ್ಳಿಯಿಂದ ಮೇಲುಕೋಟೆವರೆಗೆ ನಡೆಯುವವರಿಗೆ ಮಣ್ಣಿನ ಒಂದು ಅಂಚು ಉಳಿಯಬೇಕು. ಕರಿಘಟ್ಟದ ಮೆಟ್ಟಿಲ ಬುಡದಲ್ಲಿ, ಕುಂತಿಬೆಟ್ಟದ ಬಳಿ ಬಸ್ಸಿನ ವೇಳಾಪಟ್ಟಿ ಬೇಕು, ಕತ್ತಲಾಗುವ ಮುಂಚೆ ಇಳಿದವರಿಗೆ ಹಿಂದಿರುಗಲು ಒಂದು ಬಸ್ಸು ಬೇಕು. ಚಿನಕುರಳಿಯ ನಿಲ್ದಾಣದಲ್ಲಿ 1771ರ ಆ ಬೆಳಗ್ಗೆಯನ್ನು ಹೇಳುವ ಒಂದು ಫಲಕ ಬೇಕು, ಮಕ್ಕಳ ಕಣ್ಣಿಗೆಟುಕುವ ಎತ್ತರದಲ್ಲಿ. ಇವೆಲ್ಲವನ್ನೂ ಬರೆದು ಅರ್ಜಿ ತಯಾರು ಮಾಡಿದ್ದೇನೆ. ಊರ ಹೈಸ್ಕೂಲಿನ ಮಕ್ಕಳು ಫಲಕಕ್ಕೆ ನಕ್ಷೆ ಬಿಡಿಸುತ್ತಿದ್ದಾರೆ.