ಡಾಕರ್ ಎಂಬ ಹಮಾಲಿ

ಹೊಸ ಉಬುಂಟು ಹಾಕಿಕೊಂಡು ಡಾಕರ್ ಇನ್‌ಸ್ಟಾಲ್ ಮಾಡಹೊರಟವರು ಮೊದಲು ಎಡವುವುದು ಹೆಸರಿನಲ್ಲೇ. ಉಬುಂಟುವಿನ ಸ್ವಂತ ಪ್ಯಾಕೇಜಿಗೆ ‘ಡಾಕರ್.ಐಒ’ ಎನ್ನಬೇಕು, ಡಾಕರ್ ಕಂಪನಿಯ ರೆಪೊಸಿಟರಿಯಿಂದ ತಂದರೆ ‘ಡಾಕರ್-ಸಿಇ’. ಬಾಲವಿಲ್ಲದ ಬರೀ ‘ಡಾಕರ್’ ಯಾರ ಪಾಲಾಯಿತು?

‘ಡಾಕ್’ ಬಹುಶಃ ಡಚ್ ಕಡೆಯಿಂದ ಇಂಗ್ಲಿಷಿಗೆ ಬಂದ ಮಾತು. ನೀರಿಳಿದಾಗ ಹಡಗು ಕೂರುವ ಕೆಸರಿನ ತಗ್ಗು ಅದರ ಹಳೆಯ ಅರ್ಥ. ಮುಂದೆ ಅದು ಹಡಗುಕಟ್ಟೆಯಾಯಿತು, ಅಲ್ಲಿ ಮೂಟೆ ಹೊರುವವನು ಡಾಕರ್ ಆದ; ನಮ್ಮಲ್ಲಾದರೆ ಬಂದರಿನ ಹಮಾಲಿ. 1889ರಲ್ಲಿ ಲಂಡನ್ನಿನ ಡಾಕರ್‌ಗಳು ಗಂಟೆಗೆ ಆರು ಪೆನ್ನಿ ಕೂಲಿಗಾಗಿ ಮುಷ್ಕರ ಹೂಡಿ ಗೆದ್ದರು.

ಆ ಕೂಲಿಗೆ ಕುತ್ತು ಬಂದದ್ದು ಪೆಟ್ಟಿಗೆಯಿಂದ. 1956ರ ಏಪ್ರಿಲ್ 26ರಂದು ಮಾಲ್ಕಮ್ ಮೆಕ್ಲೀನ್ ಎಂಬ ಲಾರಿ ಮಾಲೀಕನ ‘ಐಡಿಯಲ್ ಎಕ್ಸ್’ ಹಡಗು 58 ಕಂಟೇನರ್ ಹೊತ್ತು ನ್ಯೂಅರ್ಕ್‌ನಿಂದ ಹ್ಯೂಸ್ಟನ್ನಿಗೆ ಹೊರಟಿತು. ಒಳಗಿನ ಸರಕು ಮುಟ್ಟದೆ ಪೆಟ್ಟಿಗೆಯನ್ನೇ ಕ್ರೇನಿನಿಂದ ಎತ್ತಿ ಇಳಿಸಿದರೆ ಮುಗಿಯಿತು. ‘ಒಟ್ಟಿಗೆ ಹಿಡಿದಿಡು’ ಎಂಬ ಲ್ಯಾಟಿನ್ ಕ್ರಿಯಾಪದದಿಂದ ಹುಟ್ಟಿದ ಕಂಟೇನರ್, ಬಂದರು ಬಂದರಿನಲ್ಲೂ ಡಾಕರ್‌ಗಳ ಕೆಲಸ ಕಿತ್ತುಕೊಂಡಿತು.

2013ರ ಮಾರ್ಚಿನಲ್ಲಿ ಸಾಲೊಮನ್ ಹೈಕ್ಸ್ ಎಂಬ ತಂತ್ರಜ್ಞರು ಪೈಕಾನ್ ಎಂಬ ಪ್ರೋಗ್ರಾಮರ್‌ಗಳ ಸಮ್ಮೇಳನದಲ್ಲಿ ಒಂದು ತಂತ್ರಾಂಶ ತೋರಿಸಿದರು. ಪ್ರೋಗ್ರಾಮನ್ನೂ ಅದಕ್ಕೆ ಬೇಕಾದ ಲೈಬ್ರರಿಗಳನ್ನೂ ಒಂದೇ ಕಟ್ಟಾಗಿಸಿ, ಬಿಚ್ಚದೆ ಯಾವ ಸರ್ವರಿಗಾದರೂ ಸಾಗಿಸುವುದು ಅದರ ಕೆಲಸ. ಕಟ್ಟಿಗೆ ಕಂಟೇನರ್ ಎಂಬ ಹೆಸರು, ಸಾಗಿಸುವವನಿಗೆ ಡಾಕರ್ ಎಂಬ ಹೆಸರು. ಬಂದರಿನಲ್ಲಿ ಒಬ್ಬರಿಗೊಬ್ಬರು ಸೇರದ ಇಬ್ಬರು ಕಂಪ್ಯೂಟರಿನಲ್ಲಿ ಜೋಡಿಯಾದರು.

ಆದರೆ ಉಬುಂಟುವಿಗೆ ಬುನಾದಿಯಾದ ಡೆಬಿಯನ್ನಿನಲ್ಲಿ ಅಷ್ಟರಲ್ಲೇ ಒಬ್ಬ ಡಾಕರ್ ಇದ್ದ: ಪರದೆಯಂಚಿನಲ್ಲಿ ಪುಟ್ಟ ಐಕಾನುಗಳನ್ನು ತಂದು ನಿಲ್ಲಿಸುವ ಸಣ್ಣ ಪ್ರೋಗ್ರಾಮು. ಹಡಗನ್ನು ಕಟ್ಟೆಗೆ ತರುವ ‘ಡಾಕ್’ ಕ್ರಿಯಾಪದವೇ ಅದರ ಮೂಲ. ಮೊದಲು ಬಂದವನಿಗೆ ಹೆಸರು ಉಳಿಯಿತು. 2014ರ ಉಬುಂಟು 14.04ಕ್ಕೆ ಹೊಸಬ ‘ಡಾಕರ್.ಐಒ’ ಆಗಿ ಬಂದ. ಹಳಬ ಆಮೇಲೆ ‘ಡಬ್ಲ್ಯುಎಂಡಾಕರ್’ ಆದರೂ ಹೊಸಬನ ಬಾಲ ಕಳಚಲಿಲ್ಲ.

ಕಂಪನಿಯ ರೆಪೊಸಿಟರಿಗೆ ಹೋದರೆ ಇನ್ನೊಂದು ಹೆಸರು ಬೇಕು. ಅಲ್ಲಿನ ಫೋಲ್ಡರುಗಳು ‘ಜ್ಯಾಮಿ’, ‘ನೋಬಲ್’ ಎಂಬ ಆವೃತ್ತಿಯ ಅಡ್ಡಹೆಸರುಗಳಲ್ಲಿವೆ. ನಿಮ್ಮ ಹೊಸ ಆವೃತ್ತಿಯ ಫೋಲ್ಡರ್ ಇನ್ನೂ ತೆರೆದಿರದಿದ್ದರೆ ‘ರಿಲೀಸ್ ಫೈಲ್ ಇಲ್ಲ’ ಎಂದು ಪ್ಯಾಕೇಜು ತರುವ ಆಪ್ಟ್ ಮುಖ ತಿರುಗಿಸುತ್ತದೆ. ಹಳೆಯ ಅಡ್ಡಹೆಸರು ತುರುಕಿ ಮುಂದೆ ಪೇಚಿಗೆ ಸಿಕ್ಕುವುದಕ್ಕಿಂತ, ಅಲ್ಲಿಯವರೆಗೆ ಉಬುಂಟುವಿನದೇ ಆದ ‘ಡಾಕರ್.ಐಒ’ವನ್ನೇ ಕರೆದು ಕೆಲಸ ಸಾಗಿಸುವುದು ಲೇಸು.