ಕೆರೆ ಏರಿ: ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಸೀಮೆಯ ಮಣ್ಣಿನ ಅಣೆಕಟ್ಟುಗಳು

ಹಳ್ಳಕ್ಕೋ ಎರಡು ಗುಡ್ಡಗಳ ನಡುವಿನ ಕಣಿವೆಗೋ ಅಡ್ಡಲಾಗಿ ಮಣ್ಣು ಏರಿಸಿ, ಹರಿದು ಬರುವ ನೀರನ್ನು ತಡೆದು ನಿಲ್ಲಿಸುವ ಕಟ್ಟೆಯೇ ಕೆರೆ ಏರಿ. ತುಂಗಭದ್ರೆಯ ಬಲದಂಡೆಯ ಈ ಸೀಮೆಯಲ್ಲಿ ಹೊಸಪೇಟೆ, ಹಂಪಿಗಳು 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿವೆ. ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲೇ ಉಳಿದಿವೆ. 1953ರಲ್ಲಿ ತುಂಗಭದ್ರಾ ಜಲಾಶಯ ಬಂದ ಮೇಲೆ ಇಲ್ಲಿನ ನೀರಾವರಿ ಎಂದರೆ ದೊಡ್ಡ ಡ್ಯಾಮು ಎಂಬ ಭಾವನೆ ಬೇರೂರಿದೆ. ಆದರೆ ಅದಕ್ಕಿಂತ ನಾಲ್ಕು ಶತಮಾನ ಮೊದಲೇ ಈ ಊರುಗಳ ಗದ್ದೆ ತೋಟಗಳನ್ನು ಸಾಕಿದ್ದು ನದಿಯ ಅಣೆಕಟ್ಟುಗಳಿಂದ ಹೊರಟ ಕಾಲುವೆಗಳು ಮತ್ತು ಮಣ್ಣಿನ ಏರಿಗಳು.

ಕೆರೆಗೆ ಏರಿ, ತೂಬು, ಕೋಡಿ ಮೂರೂ ಇರಲೇಬೇಕು. ಏರಿಯ ನೀರಿನ ಕಡೆಯ ಇಳಿಜಾರಿಗೆ ಅಲೆ ಕೊರೆಯದಂತೆ ಕಲ್ಲು ಹೊದಿಸುತ್ತಾರೆ. ಹಿಂಭಾಗಕ್ಕೆ ಹುಲ್ಲು ಸಾಕು. ವಿಜಯನಗರ ಕಾಲದ ತೂಬನ್ನು ದೂರದಿಂದಲೇ ಗುರುತಿಸಬಹುದು. ಏರಿಯಿಂದ ತುಸು ಮುಂದೆ, ನೀರಿನೊಳಗೆ, ಎರಡು ಕಲ್ಲುಕಂಬಗಳು ನಿಂತಿರುತ್ತವೆ. ಅವನ್ನು ಜೋಡಿಸುವ ಅಡ್ಡಹಾಸುಗಳ ನಡುವೆ ಒಂದೊಂದು ತೂತು. ಆ ತೂತುಗಳ ಮೂಲಕ ಇಳಿಬಿಟ್ಟ ಗಳುವಿನ ತುದಿಗೆ ಬಿರಡೆ. ಗಳು ಎತ್ತಿದರೆ ನೀರು ಏರಿಯ ಅಡಿಯ ಕಲ್ಲಿನ ಕಾಲುವೆಗೆ ಇಳಿದು ಅಚ್ಚುಕಟ್ಟಿಗೆ ಹರಿಯುತ್ತದೆ, ಇಳಿಸಿದರೆ ನಿಲ್ಲುತ್ತದೆ. ಇದನ್ನು ಎತ್ತುವ, ಇಳಿಸುವ, ಸರದಿ ಪ್ರಕಾರ ನೀರು ಹಂಚುವ ಕೆಲಸ ನೀರಗಂಟಿಯದು. ಕೋಡಿ ಏರಿಯ ನೆತ್ತಿಗಿಂತ ತಗ್ಗಾಗಿ, ಸಾಮಾನ್ಯವಾಗಿ ಏರಿಯ ಒಂದು ತುದಿಯಲ್ಲಿ, ಆದಷ್ಟೂ ಗಟ್ಟಿ ನೆಲದ ಮೇಲೆ ಇರುತ್ತದೆ. ಕೆರೆ ತುಂಬಿದ ಮೇಲೆ ಬಂದ ನೀರೆಲ್ಲ ಅಲ್ಲಿಂದಲೇ ಹೋಗಬೇಕು. ಕೋಡಿ ಬಿದ್ದರೆ ಊರಿಗೆ ಹಬ್ಬ, ಬಾಗಿನ ಅರ್ಪಿಸುವ ಸಂಭ್ರಮ. ಏರಿಯ ಮಟ್ಟಿಗೆ ಅದೇ ವರ್ಷದ ದೊಡ್ಡ ಪರೀಕ್ಷೆ.

ಈ ಸೀಮೆಯ ಏರಿಗಳಲ್ಲಿ ಅತಿ ಹೆಚ್ಚು ಬರೆಯಿಸಿಕೊಂಡದ್ದು ರಾಯರ ಕೆರೆ. ಆಗ ನಾಗಲಾಪುರ ಎನಿಸಿದ್ದ ಹೊಸಪೇಟೆಗೆ ನೀರು ಒದಗಿಸಲು ಕೃಷ್ಣದೇವರಾಯ ಸಂಡೂರು ಬೆಟ್ಟಗಳ ಬಾಯಿಗೆ ಇದನ್ನು ಕಟ್ಟಿಸಿದ. 1520ರ ಸುಮಾರಿಗೆ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯಸ್ ಹದಿನೈದು ಇಪ್ಪತ್ತು ಸಾವಿರ ಜನ ದುಡಿಯುತ್ತಿದ್ದುದನ್ನು ಕಂಡ. ಕಟ್ಟೆ ಎರಡು ಮೂರು ಸಲ ಒಡೆಯಿತೆಂದೂ, ಪುರೋಹಿತರ ಮಾತಿನಂತೆ ಮರಣದಂಡನೆಗೆ ಗುರಿಯಾದ ಅರವತ್ತು ಕೈದಿಗಳನ್ನೂ ಕುದುರೆ ಕೋಣಗಳನ್ನೂ ಬಲಿ ಕೊಟ್ಟರೆಂದೂ ಬರೆದಿದ್ದಾನೆ. ಕೆಲವು ವರ್ಷಗಳ ನಂತರ ಬರೆದ ಇನ್ನೊಬ್ಬ ಪೋರ್ಚುಗೀಸ್ ಲೇಖಕ ನ್ಯೂನಿಜ್ ಕೂಡ ಬಲಿಯ ಮಾತು ಹೇಳುತ್ತಾನೆ; ಜೊತೆಗೆ ಗೋವೆಯಿಂದ ಬಂದ ಜೊವಾವೊ ದೆ ಲಾ ಪೊಂಟೆ ಎಂಬ ಕಲ್ಲುಕೆಲಸದ ಮೇಸ್ತ್ರಿಯ ಕತೆಯನ್ನೂ. ಮೇಸ್ತ್ರಿ ಸುಣ್ಣ ಬೇಕೆಂದ, ರಾಜ ನಕ್ಕ. ಕಣಿವೆಗೆ ಬಂಡೆಗಳನ್ನು ಉರುಳಿಸಿ ತುಂಬಿಸಿದರು. ಹಗಲು ಕಟ್ಟಿದ್ದು ರಾತ್ರಿ ಕುಸಿಯಿತು.

ಬಲಿಯ ಭಾಗ, ಕೆರೆಗಾಗಿ ನಡೆದ ಬಲಿಯನ್ನು ಹಾಡುವ 'ಕೆರೆಗೆ ಹಾರ' ಎಂಬ ಜನಪದ ಕಥನಗೀತೆಯನ್ನು ಬಲ್ಲ ಓದುಗರನ್ನು ಥಟ್ಟನೆ ಹಿಡಿದು ನಿಲ್ಲಿಸುತ್ತದೆ. ಪ್ರವಾಸಿಗಳು ಕೇಳಿದ್ದೆಷ್ಟು, ಕಂಡದ್ದೆಷ್ಟು ಎಂಬುದು ಬೇರೆ ಮಾತು. ಕಟ್ಟೆಯ ವಿಷಯಕ್ಕೆ ಹೆಚ್ಚು ಬೆಲೆಯುಳ್ಳದ್ದು ಆ ಕುಸಿತದ ವರದಿ. ಕಣಿವೆಗೆ ಬರೀ ಬಂಡೆ ಸುರಿದರೆ ನೀರು ಸಂದಿಗಳಲ್ಲಿ ನುಗ್ಗಿ ನಡುವಿನ ಮಣ್ಣನ್ನು ಎಳೆದೊಯ್ಯುತ್ತದೆ. ನೀರು ಹಿಡಿಯುವುದು ಕಲ್ಲಿನ ಭಾರವಲ್ಲ, ಪದರ ಪದರವಾಗಿ ಹಾಕಿ ನೀರುಣಿಸಿ ತುಳಿಸಿದ ಜೇಡಿಮಣ್ಣು. ಕೊನೆಗೆ ಎತ್ತರವೂ ಅಗಲವೂ ಆದ ಏರಿ ನಿಂತಿತು, ಅಡಿಯಲ್ಲಿ ನೀರು ಬಿಡುವ ಕೊಳವೆಗಳೂ ಬಂದವು. ಹೊಸ ನೀರಾವರಿಗೆ ಬಂದ ಭೂಮಿಯನ್ನು ಒಂಬತ್ತು ವರ್ಷ ಕಂದಾಯವಿಲ್ಲದೆ ಜನರಿಗೆ ಕೊಟ್ಟರೆಂದೂ ನ್ಯೂನಿಜ್ ಹೇಳುತ್ತಾನೆ. ಬಲಿಗಿಂತ ಈ ವಿನಾಯಿತಿಯೇ ಕೆರೆಯನ್ನು ಬಾಳಿಸುವ ಉಪಾಯ ಎನ್ನಬೇಕು: ಅಚ್ಚುಕಟ್ಟಿನಲ್ಲಿ ಉಳುವವನಿದ್ದರೆ ಮಾತ್ರ ಏರಿಯ ಮೇಲೆ ಕಣ್ಣಿಡುವವನೂ ಇರುತ್ತಾನೆ. 1900ರಲ್ಲಿ ವಿಜಯನಗರದ ಇತಿಹಾಸ ಪ್ರಕಟಿಸಿದ ರಾಬರ್ಟ್ ಸಿವೆಲ್ ಕಾಲಕ್ಕಾಗಲೇ ಕೆರೆ ಒಣಗಿತ್ತು. ಹೊಸಪೇಟೆಯಿಂದ ದಕ್ಷಿಣದ ತಾಲ್ಲೂಕುಗಳಿಗೆ ಹೋಗುವ ರಸ್ತೆ ಏರಿಯ ಮೇಲೆಯೇ ಸಾಗಿತ್ತು.

ರಾಯರ ಕೆರೆಗಿಂತ ಸದ್ದಿಲ್ಲದೆ ಬಾಳಿದ್ದು ಹಂಪಿಯ ಪಕ್ಕದ ಕಮಲಾಪುರದ ಕೆರೆ. ಇದು ಮಳೆಯೊಂದನ್ನೇ ನಂಬಿಲ್ಲ. ತುಂಗಭದ್ರೆಯಿಂದ ಬರುವ ರಾಯ ಕಾಲುವೆ ಇದಕ್ಕೆ ನೀರು ತರುತ್ತದೆ. ಒಳಹರಿವು ಕಾಲುವೆಯ ಹಿಡಿತದಲ್ಲಿರುವ ಏರಿಗೆ ಹಠಾತ್ ಪ್ರವಾಹದ ಭಯ ಕಡಿಮೆ.

ಸಂಡೂರಿನ ಕತೆ ಬೇರೆ. ಕಬ್ಬಿಣದ ಅದಿರಿನ ಬೆಟ್ಟಗಳ ನಡುವಿನ ಕಣಿವೆಯ ನೀರನ್ನು ನಾರಿಹಳ್ಳ ಹೊತ್ತು ತರುತ್ತದೆ. ತಾರಾನಗರದ ಬಳಿ ಅದಕ್ಕೆ ಜಲಾಶಯವಿದೆ, ಕೆಳಗೆ ಉದ್ದನೆಯ ಮಣ್ಣಿನ ಏರಿಯ ದರೋಜಿ ಕೆರೆ. ಗಣಿಗಾರಿಕೆ ವಿಪರೀತವಾದ ವರ್ಷಗಳಲ್ಲಿ ಬೆಟ್ಟದ ಕೆಂಪು ಮಣ್ಣು ಮಳೆಯೊಂದಿಗೆ ಇಳಿದು ನಾರಿಹಳ್ಳದ ಜಲಾಶಯದಲ್ಲಿ ಹೂಳಾಗಿ ಕೂತಿತು. ಹೂಳು ಎಂದರೆ ನೀರು ಕಡಿಮೆ ಎಂದಷ್ಟೇ ಲೆಕ್ಕ ಹಾಕುತ್ತೇವೆ. ಸುರಕ್ಷತೆಯ ಲೆಕ್ಕವೂ ಇದೆ. ಪಾತ್ರೆ ಚಿಕ್ಕದಾದಷ್ಟೂ ಅದೇ ಮಳೆಗೆ ಕೆರೆ ಬೇಗ ತುಂಬುತ್ತದೆ, ಕೋಡಿಯ ಮೇಲೆ ಹೊರೆ ಬೇಗ ಬೀಳುತ್ತದೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿ, ನಂತರ ಪುನಶ್ಚೇತನ ಯೋಜನೆಯ ಷರತ್ತಿನ ಮೇಲೆ ಅನುಮತಿ ಕೊಟ್ಟಿತು. ಗಣಿ ಪ್ರದೇಶದಲ್ಲಿ ಮಣ್ಣು ತಡೆಯುವ ಚೆಕ್ ಡ್ಯಾಮುಗಳನ್ನು ಕಟ್ಟುವುದು ಆ ಯೋಜನೆಗಳಲ್ಲಿ ಸೇರಿತ್ತು. ಅವನ್ನೂ ಆಗಾಗ ಬಗೆದು ಹೂಳು ತೆಗೆಯದಿದ್ದರೆ ಬೇಗನೆ ಕೆಲಸಕ್ಕೆ ಬಾರದಂತಾಗುತ್ತವೆ.

ಏರಿ ಒಡೆಯುವ ಬಗೆಗಳಲ್ಲಿ ಮೊದಲನೆಯದು ನೀರು ನೆತ್ತಿಯ ಮೇಲೆ ಹರಿಯುವುದು. ಕಲ್ಲು ಗಾರೆಯ ಅಣೆಕಟ್ಟು ಇದನ್ನು ಸ್ವಲ್ಪ ಹೊತ್ತು ತಡೆದೀತು, ಮಣ್ಣು ತಡೆಯದು. ಹಿಂಭಾಗದ ಇಳಿಜಾರು ಕೊರೆದು ಗಂಟೆಗಳಲ್ಲಿ ಕಂಡಿ ಬೀಳುತ್ತದೆ. ಗುಜರಾತಿನ ಮಚ್ಚು ಅಣೆಕಟ್ಟಿನ ಮಣ್ಣಿನ ಭಾಗಗಳು 1979ರ ಆಗಸ್ಟ್ 11ರಂದು ಹೀಗೇ ಕೊಚ್ಚಿಹೋಗಿ ಮೋರ್ಬಿ ಪಟ್ಟಣ ಮುಳುಗಿತು. ನಮ್ಮ ಕೆರೆಗಳಲ್ಲಿ ಈ ಅಪಾಯವನ್ನು ಕೈಯಾರೆ ತಂದುಕೊಳ್ಳುವುದುಂಟು. ಇನ್ನೊಂದು ಅಡಿ ನೀರು ನಿಲ್ಲಲಿ ಎಂದು ಕೋಡಿಯ ಮೇಲೆ ಮರಳಿನ ಚೀಲ ಜೋಡಿಸುತ್ತಾರೆ. ಕೋಡಿಯ ಮುಂದಿನ ಹಳ್ಳವನ್ನು ಒತ್ತಿ ಗದ್ದೆ ಮಾಡುತ್ತಾರೆ. ರಾತ್ರಿ ದೊಡ್ಡ ಮಳೆ ಬಂದರೆ ಆ ಒಂದು ಅಡಿಯ ಆಸೆಗೆ ಇಡೀ ಕೆರೆ ಖಾಲಿಯಾಗುತ್ತದೆ.

ಎರಡನೆಯದು ಏರಿಯೊಳಗೇ ನಡೆಯುವ ಕೊರೆತ. ತೂಬಿನ ಕಲ್ಲಿಗೂ ಮಣ್ಣಿಗೂ ಕೂಡುವ ಜಾಗ, ಹೆಗ್ಗಣದ ಬಿಲ, ಸತ್ತ ಜಾಲಿಯ ಬೇರು ಕೊಳೆತು ಬಿಟ್ಟ ಪೊಳ್ಳು, ಬೇಸಿಗೆಯಲ್ಲಿ ಎರೆಮಣ್ಣು ಬಾಯಿಬಿಟ್ಟ ಬಿರುಕು ಇವೆಲ್ಲ ನೀರಿಗೆ ದಾರಿ. ಏರಿಯ ಹಿಂದೆ ಅಡಿಯಲ್ಲಿ ಒಸರು ಕಂಡರೆ ಅದನ್ನು ಗಾಜಿನ ಲೋಟದಲ್ಲಿ ಹಿಡಿದು ನೋಡಬೇಕು. ನೀರು ತಿಳಿಯಾಗಿದ್ದು ಒಂದೇ ಪ್ರಮಾಣದಲ್ಲಿದ್ದರೆ ಗಮನಿಸುತ್ತಿದ್ದರೆ ಸಾಕು. ಕೆಂಪಗೋ ಕಪ್ಪಗೋ ಕದಡಿ ಬಂದರೆ ಏರಿಯ ಹೊಟ್ಟೆಯ ಮಣ್ಣೇ ಹೊರಗೆ ಬರುತ್ತಿದೆ ಎಂದರ್ಥ. ತಕ್ಷಣ ತೂಬು ಬಿಟ್ಟು ಮಟ್ಟ ಇಳಿಸಿ, ಕೆಳಗಿನ ಮನೆಗಳಿಗೆ ತಿಳಿಸಬೇಕು. ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಎಂಬ ಸಣ್ಣ ಮಣ್ಣಿನ ಅಣೆಕಟ್ಟು 2019ರ ಜುಲೈ 2ರ ರಾತ್ರಿ ಒಡೆದು ಸುಮಾರು ಇಪ್ಪತ್ತು ಜನ ಸತ್ತರು. ಸೋರಿಕೆಯ ಬಗ್ಗೆ ಗ್ರಾಮಸ್ಥರು ಮೊದಲೇ ದೂರಿದ್ದರು. ಏಡಿಗಳು ಕೊರೆದದ್ದೇ ಕಾರಣ ಎಂದು ಅಲ್ಲಿನ ಸಚಿವರೊಬ್ಬರು ಹೇಳಿ ನಗೆಪಾಟಲಾದರು. ಏಡಿ ಕೊರೆಯುವುದು ಸುಳ್ಳಲ್ಲ. ಅದನ್ನು ನೋಡಿ ಮುಚ್ಚುವವರು ಯಾರು ಎಂಬುದೇ ಪ್ರಶ್ನೆ.

ಈ ಎಚ್ಚರ ಹೊಸದೇನಲ್ಲ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಭವದೂರ ಇಂದಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಕೆರೆ ಕಟ್ಟಿಸಿ 1369ರಲ್ಲಿ ಹಾಕಿಸಿದ ಶಾಸನ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಪಟ್ಟಿ ಮಾಡಿದೆ. ಏರಿಯಿಂದ ನೀರು ಒಸರುವುದು ಆ ದೋಷಗಳಲ್ಲೊಂದು. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದೂ ದೋಷವೇ. ಕಟ್ಟಿಸಿದವರಿಗೆ ನೀರಿನ ಒತ್ತಡದಷ್ಟೇ ಮನುಷ್ಯರ ಜಗಳವೂ ಗೊತ್ತಿತ್ತು.

ದೊಡ್ಡ ಅಣೆಕಟ್ಟಿಗೆ ಸುದ್ದಿ, ಪರಿಣತರು, ಹಣ ಎಲ್ಲವೂ ಓಡಿ ಬರುತ್ತವೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೇ ಗೇಟು ಕೊಚ್ಚಿಹೋದಾಗ ವಾರದೊಳಗೆ ತಡೆಗೋಡೆಯ ಹಲಗೆ ಇಳಿಸಲಾಯಿತು. ಸಣ್ಣ ಏರಿಗೆ ಆ ಭಾಗ್ಯವಿಲ್ಲ. ಕರ್ನಾಟಕದಲ್ಲಿ 40ರಿಂದ 2000 ಹೆಕ್ಟೇರ್ ಅಚ್ಚುಕಟ್ಟಿನ ಕೆರೆಗಳು ಸಣ್ಣ ನೀರಾವರಿ ಇಲಾಖೆಗೆ, ಅದಕ್ಕಿಂತ ಚಿಕ್ಕವು ಪಂಚಾಯಿತಿ ಸಂಸ್ಥೆಗಳಿಗೆ ಸೇರುತ್ತವೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಮಳೆಗಾಲದ ಮುಂಚೆ ಮತ್ತು ನಂತರ ತಪಾಸಣೆಯನ್ನು ಕಡ್ಡಾಯ ಮಾಡಿದೆ. ಆದರೆ ಅದು ಅನ್ವಯಿಸುವುದು 15 ಮೀಟರಿಗಿಂತ ಎತ್ತರದ ಅಣೆಕಟ್ಟುಗಳಿಗೆ, ಮತ್ತು 10ರಿಂದ 15 ಮೀಟರ್ ಎತ್ತರವಿದ್ದು ಉದ್ದ, ಸಂಗ್ರಹ ಮುಂತಾದ ನಿಗದಿತ ಷರತ್ತುಗಳಲ್ಲಿ ಯಾವುದಾದರೊಂದಕ್ಕೆ ಒಳಪಡುವವಕ್ಕೆ ಮಾತ್ರ. 10 ಮೀಟರಿಗಿಂತ ಗಿಡ್ಡನೆಯ ಊರ ಏರಿಗಳು ಈ ಕಾಯ್ದೆಯ ಹೊರಗೇ ಇವೆ.