ಗ್ಲಾಕೋಮಾ, ವಂಶ ಮತ್ತು ಮುಂಬಯಿ

ಮುಂಬಯಿಯ ವೈದ್ಯಕೀಯ ಚರಿತ್ರೆಯಲ್ಲಿ ಗ್ಲಾಕೋಮಾ ರೋಗಕ್ಕೆ ಸಂಬಂಧಿಸಿದ ಅಧ್ಯಾಯವೊಂದಿದೆ. ಅದು ಬಹುಮಟ್ಟಿಗೆ ಮರೆವಿಗೆ ಸಂದಿದೆ. 1845ರಲ್ಲಿ ಆರಂಭವಾದ ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ನೇತ್ರಚಿಕಿತ್ಸೆಯ ಪ್ರಾಧ್ಯಾಪಕರಾಗಿದ್ದ ಹರ್ಬರ್ಟ್ ಹರ್ಬರ್ಟ್ ಎಂಬ ಶಸ್ತ್ರವೈದ್ಯರು 1903ರಲ್ಲಿ ಈ ರೋಗಕ್ಕೆ ಹೊಸ ಶಸ್ತ್ರಕ್ರಿಯೆಯೊಂದನ್ನು ವಿವರಿಸಿದರು.

ಕಣ್ಣಿನೊಳಗೆ ತಿಳಿಯಾದ ದ್ರವವೊಂದು ಸದಾ ಒಸರಿ, ಸದಾ ಹರಿದುಹೋಗುತ್ತಿರುತ್ತದೆ. ಹರಿಯುವ ದಾರಿ ಕಟ್ಟಿದರೆ ಒತ್ತಡವೇರಿ ದೃಷ್ಟಿನರವು ಮೆಲ್ಲಮೆಲ್ಲನೆ ಸಾಯುತ್ತದೆ. 1857ರಲ್ಲಿ ಬರ್ಲಿನ್ನಿನ ಫಾನ್ ಗ್ರೇಫೆ ವಿವರಿಸಿದ ಶಸ್ತ್ರಕ್ರಿಯೆಯಿಂದ ನೋವಿನೊಡನೆ ಹಠಾತ್ತಾಗಿ ಬರುವ ಗ್ಲಾಕೋಮಾಕ್ಕೆ ಪರಿಹಾರ ದೊರಕಿತ್ತು; ನೋವಿಲ್ಲದೆ ಬರುವ ದೀರ್ಘಕಾಲದ ರೋಗಕ್ಕೆ ಅದು ಸಾಲದಾಯಿತು. ಕಣ್ಣಿನ ಹೊರಪೊರೆಯ ಕೆಳಗೆ ದ್ರವಕ್ಕೆ ಶಾಶ್ವತವಾದ ಹೊಸ ದಾರಿ ತೆರೆಯಬೇಕೆಂಬುದು ಹರ್ಬರ್ಟರ ಯೋಚನೆ. 1909ರಲ್ಲಿ ಮದರಾಸಿನ ಎಲಿಯಟ್, 1968ರಲ್ಲಿ ಇಂಗ್ಲೆಂಡಿನ ಕೇರ್ನ್ಸ್ ವಿವರಿಸಿದ ಕ್ರಮಗಳು ಬೇರೆಯಾದರೂ ಅವುಗಳ ತತ್ತ್ವ ಇದೇ.

ಆದರೆ ಎಂತಹ ನಿಪುಣ ಕೈಯೂ ಕಳೆದ ದೃಷ್ಟಿಯನ್ನು ಮರಳಿ ತರಲಾರದು. ರೋಗಿಯು ವೈದ್ಯನಲ್ಲಿಗೆ ಬರುವ ವೇಳೆಗೆ ನೋಟದ ಅಂಚುಗಳು ಅಳಿದಿರುತ್ತವೆ. ಒತ್ತಡವನ್ನು ಅಳೆದರೆ ಸಾಕೆನ್ನಲೂ ಆಗದು. ಒತ್ತಡ ಸಾಮಾನ್ಯವಾಗಿದ್ದೂ ನರ ನಶಿಸುವವರು ಅನೇಕರಿದ್ದಾರೆ. ಆದುದರಿಂದ ಚಿಕಿತ್ಸೆಯ ಚರಿತ್ರೆ ಮುಂದೆ ಇನ್ನೊಂದು ಪ್ರಶ್ನೆಯತ್ತ ತಿರುಗಿತು: ಯಾರಿಗೆ ಬರುವುದೆಂದು ಮೊದಲೇ ಅರಿಯುವುದು ಹೇಗೆ?

ಉತ್ತರದ ಒಂದಂಶ ವಂಶದಲ್ಲಿದೆ. ಹಾಲೆಂಡಿನ ರೋಟರ್‌ಡ್ಯಾಮ್ ನಗರದಲ್ಲಿ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನದಂತೆ, ರೋಗಿಗಳ ಒಡಹುಟ್ಟಿದವರಲ್ಲಿ ಮತ್ತು ಮಕ್ಕಳಲ್ಲಿ ಜೀವಮಾನದ ಅಪಾಯ ಶೇಕಡಾ 22. ರೋಗವಿಲ್ಲದವರ ಬಂಧುಗಳಲ್ಲಿ ಶೇಕಡಾ 2.3. 1997ರಲ್ಲಿ ಮಯೋಸಿಲಿನ್ ಎಂಬ ವಂಶವಾಹಿಯ ದೋಷದಿಂದ ಕೆಲವು ಕುಟುಂಬಗಳಲ್ಲಿ ಈ ರೋಗ ಹಬ್ಬುವುದು ಗೊತ್ತಾಯಿತು. ಬಹುಮಂದಿಯಲ್ಲಾದರೋ ಕಾರಣ ಒಂದೇ ವಂಶವಾಹಿಯಲ್ಲ. ಅಲ್ಪಪ್ರಭಾವದ ಸಾವಿರಾರು ಭೇದಗಳು ಕೂಡಿ ಅಪಾಯವಾಗುತ್ತವೆ. ಒಂದೊಂದು ಭೇದಕ್ಕೂ ಅದರ ಪ್ರಭಾವಕ್ಕೆ ತಕ್ಕ ತೂಕವಿತ್ತು, ಎಲ್ಲವನ್ನೂ ಕೂಡಿಸಿ ತೆಗೆದ ಮೊತ್ತವೇ ವಂಶವಾಹಿ ಅಪಾಯಾಂಕ. 2020ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ, ಅತ್ಯಧಿಕ ಅಂಕದ ಹತ್ತನೆಯ ಒಂದು ಪಾಲಿನವರಿಗೆ ಅತ್ಯಲ್ಪ ಅಂಕದ ಹತ್ತನೆಯ ಒಂದು ಪಾಲಿನವರಿಗಿಂತ ರೋಗ ಉಲ್ಬಣಿಸುವ ಅಪಾಯ ಸುಮಾರು 15 ಪಟ್ಟು ಕಂಡಿತು. ಅಪಾಯವನ್ನರಿತು ಫಲವೇನೆಂದರೆ, ಒತ್ತಡ ಹೆಚ್ಚಿದ್ದವರಿಗೆ ಮೊದಲೇ ಔಷಧದ ಹನಿ ಹಾಕಿದಾಗ ಐದು ವರ್ಷಗಳಲ್ಲಿ ರೋಗಕ್ಕೀಡಾದವರು ಶೇಕಡಾ 9.5ರಿಂದ 4.4ಕ್ಕೆ ಇಳಿದರೆಂದು 2002ರ ಅಮೆರಿಕದ ಅಧ್ಯಯನ ತೋರಿಸಿದೆ.

ಈ ಅಂಕಕ್ಕೆ ಮಿತಿಯೂ ಉಂಟು. ಅದನ್ನು ರೂಪಿಸಿದ ಮಾಹಿತಿ ಬಹುಪಾಲು ಯುರೋಪ್ ಮೂಲದವರದು; ಇತರ ಜನಾಂಗಗಳಲ್ಲಿ ಅದರ ನಿಖರತೆ ಕುಗ್ಗುತ್ತದೆ. ಯುರೋಪಿನಲ್ಲಿ ವಿರಳವಾದ, ಕಣ್ಣಿನ ಕೋನ ಮುಚ್ಚಿಹೋಗುವ ಬಗೆಯ ಗ್ಲಾಕೋಮಾ ಭಾರತದಲ್ಲಿ ಹೆಚ್ಚು. ಅದಕ್ಕೆ ಸಂಬಂಧಿಸಿದ ಭೇದಗಳೇ ಬೇರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನ ಕೇಂದ್ರದ ನೇತೃತ್ವದಲ್ಲಿ ಸಿದ್ಧವಾಗಿ 2025ರ ಜನವರಿಯಲ್ಲಿ ಬಿಡುಗಡೆಯಾದ 10,000 ಭಾರತೀಯರ ವಂಶವಾಹಿ ಮಾಹಿತಿಯು ಈ ಕೊರತೆ ನೀಗುವತ್ತ ಮೊದಲ ಹೆಜ್ಜೆ.

ಮುಂಬಯಿ ಕನ್ನಡಿಗರ ಮಟ್ಟಿಗೆ ಮತ್ತೊಂದು ಸಂಗತಿಯಿದೆ. ಅಪಾಯಾಂಕ ಕೈಗೆಟುಕುವವರೆಗೆ ಬಡವನ ಅಪಾಯಾಂಕವೆಂದರೆ ಕುಟುಂಬದ ನೆನಪೇ. ವಲಸೆಯು ಕತ್ತರಿಸುವುದು ಅದನ್ನೇ. ತಮ್ಮ ಉಡುಪಿಯ ಕಡೆಯಿಂದ ಹೋಟೆಲಿಗೋ, ಕಲಬುರಗಿಯ ಕಡೆಯಿಂದ ಕಟ್ಟಡದ ಕೂಲಿಗೋ ಬಂದಿರುತ್ತಾನೆ. ಊರಿನಲ್ಲಿ ಅಣ್ಣ ಕುರುಡಾದರೆ "ಪೊರೆ ಬಂತು", "ವಯಸ್ಸಾಯಿತು" ಎಂಬ ಮಾತಷ್ಟೇ ಇಲ್ಲಿಗೆ ತಲಪುತ್ತದೆ. ಪೊರೆಯನ್ನು ತೆಗೆಯಬಹುದು, ಗ್ಲಾಕೋಮಾದಿಂದ ಹೋದ ದೃಷ್ಟಿ ಬಾರದು ಎಂಬ ವ್ಯತ್ಯಾಸ ಆ ಮಾತಿನಲ್ಲಿ ಅಳಿಸಿಹೋಗುತ್ತದೆ.

ಅಳಿಯಸಂತಾನದ ಕುಟುಂಬಗಳಲ್ಲಿ ತಾಯಿಯ ಕಡೆಯ ಬಳಿ ಯಾವುದೆಂದು ಎಲ್ಲರಿಗೂ ಗೊತ್ತಿರುತ್ತದೆ. ವಂಶವಾಹಿಗಳಾದರೋ ಬಳಿಯ ಕಟ್ಟನ್ನು ಗಣಿಸದೆ ತಂದೆಯಿಂದಲೂ ಬರುತ್ತವೆ. ಸೋದರಮಾವನಿಗೆ ಮಗಳನ್ನು ಕೊಡುವ ಕುಟುಂಬಗಳಲ್ಲಿ ಶಿಶುಗಳ ಗ್ಲಾಕೋಮಾದ ಸಂಭವ ಹೆಚ್ಚುತ್ತದೆ. ತಂದೆತಾಯಿ ಇಬ್ಬರಲ್ಲೂ ಒಂದೇ ದೋಷವಿದ್ದರೆ ಪ್ರತಿ ಮಗುವಿಗೂ ನಾಲ್ಕರಲ್ಲೊಂದು ಪಾಲು ಅಪಾಯ. ಅಂತಹ ಮಗುವಿನ ಕಣ್ಣು ದೊಡ್ಡದಾಗಿ, ನೀರೂರಿ, ಬೆಳಕಿಗೆ ಮುಚ್ಚಿಕೊಳ್ಳುತ್ತದೆ. ದೊಡ್ಡ ಕಣ್ಣು ಚೆಲುವೆಂದು ಮನೆಯವರು ಮೆಚ್ಚುತ್ತಾ ಕಾಲ ಕಳೆಯುವುದೂ ಉಂಟು.

ಹರ್ಬರ್ಟರು ದ್ರವಕ್ಕೆ ದಾರಿ ಮಾಡಿದರು. ಇಂದು ದಾರಿಯಾಗಬೇಕಾದದ್ದು ಸುದ್ದಿಗೆ: ಒಂದು ಕಣ್ಣಿನ ರೋಗಕ್ಕೆ ಹೆಸರು ದೊರೆತ ದಿನ, ಆ ಹೆಸರು ಊರಿನ ಮನೆಯಿಂದ ಮುಂಬಯಿಯ ಚಾಳಿಗೂ, ಚಾಳಿನಿಂದ ಊರಿಗೂ ತಪ್ಪದೆ ತಲಪಬೇಕು. ನಲವತ್ತು ದಾಟಿದ ಒಡಹುಟ್ಟಿದವರು ನೋಟ ಚೆನ್ನಾಗಿರುವಾಗಲೇ ನೇತ್ರವೈದ್ಯರ ಮುಂದೆ ಕುಳಿತರೆ, ಯಾವ ಅಂಕವೂ ಇಲ್ಲದೆಯೇ ಅವರಲ್ಲಿ ಅನೇಕರ ದೃಷ್ಟಿ ಉಳಿದೀತು.